ಒಂದೇ ಕನೆಕ್ಷನ್, ಅಗ್ಗದ ರೌಟರ್: ಮಾಡಬೇಕಾದ್ದು, ಮಾಡಬಾರದ್ದು

ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಅಂತಸ್ತು, ಕೆಳಗೂ ಮೇಲೂ ಮನೆಮಂದಿ, ಇಷ್ಟೂ ಜನಕ್ಕೆ ಒಂದು ಫೈಬರ್ ಕನೆಕ್ಷನ್, ಸಾವಿರ ರೂಪಾಯಿ ಆಸುಪಾಸಿನ ಒಂದು ರೌಟರ್. ಬೆಂಗಳೂರಿನ ಬಡಾವಣೆಗಳಲ್ಲಿ ಇಂಥ ಮನೆಗಳು ಸಾಕಷ್ಟಿವೆ. ಮಕ್ಕಳ ಪರೀಕ್ಷೆ, ಅಪ್ಪನ ಪಿಂಚಣಿಯ ಕೆಲಸ, ಸೊಸೆಯ ಆಫೀಸು ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಕೆಳಗಿನ ಸೂಚನೆಗಳನ್ನು ಮನೆಯವರೆಲ್ಲ ಪಾಲಿಸಬೇಕು.

ಪಾಸ್‌ವರ್ಡ್

ವೈಫೈಯನ್ನು ಪಾಸ್‌ವರ್ಡ್ ಇಲ್ಲದೆ ತೆರೆದಿಡಬೇಡಿ. ಒಂದು ಗಂಟೆಯ ಮಟ್ಟಿಗೂ ಬೇಡ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್‌ಗಳು ಸಿಡಿಯುವ ಸ್ವಲ್ಪ ಮೊದಲು ಸುದ್ದಿ ಚಾನೆಲ್‌ಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಭದ್ರಪಡಿಸದ ಅವರ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ವಿಚಾರಣೆ ಎದುರಿಸಬೇಕಾದವರು ಮಾತ್ರ ಅವರು. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಮೊದಲ ಪ್ರಶ್ನೆ ಅವರಿಗೇ ಬರುತ್ತದೆ.

ಮೊಬೈಲ್ ನಂಬರ್, ಮಗುವಿನ ಹೆಸರು, ಹುಟ್ಟಿದ ವರ್ಷ ಇವನ್ನು ಪಾಸ್‌ವರ್ಡ್ ಮಾಡಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆಯಿರಿ. ನಿಮಗೆ ನೆನಪಿರುತ್ತದೆ, ಬೇರೆಯವರಿಗೆ ಊಹಿಸುವುದು ಕಷ್ಟ. ರೌಟರ್‌ನ ಸೆಟ್ಟಿಂಗ್‌ನಲ್ಲಿ ಭದ್ರತೆಯ ಬಗೆಯಾಗಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ. ಡಬ್ಲ್ಯೂಇಪಿ ಇದ್ದರೆ ಅದನ್ನು ಬಳಸಲೇಬೇಡಿ, ಅದು 2001ರಲ್ಲೇ ಮುರಿದ ಬೀಗ. ಡಬ್ಲ್ಯೂಪಿಎಸ್ ಎಂಬ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದರ ಎಂಟಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಕಂಡುಹಿಡಿಯಬಹುದೆಂದು 2011ರಲ್ಲೇ ಬಯಲಾಗಿದೆ.

ವೈಫೈ ಪಾಸ್‌ವರ್ಡ್ ಬೇರೆ, ರೌಟರ್‌ನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಬದಲಿಸುವವರು ಕಡಿಮೆ. ಅದು ‘ಅಡ್ಮಿನ್’ ಎಂದೇ ಉಳಿದಿದ್ದರೆ ಇವತ್ತೇ ಬದಲಿಸಿ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿದ್ದು ಕಂಪನಿಯವರು ಇಟ್ಟುಕೊಟ್ಟ ಇಂಥ ಪಾಸ್‌ವರ್ಡ್‌ಗಳಿಂದಲೇ.

ಯಾರಿಗೆ ಕೊಡಬೇಕು

ಬಂದುಹೋಗುವ ನೆಂಟರಿಗೆ, ಮಕ್ಕಳ ಗೆಳೆಯರಿಗೆ ಮನೆಯ ಪಾಸ್‌ವರ್ಡ್ ಕೊಡಬೇಡಿ. ಅಗ್ಗದ ರೌಟರ್‌ಗಳಲ್ಲೂ ಅನೇಕಕ್ಕೆ ಗೆಸ್ಟ್ ನೆಟ್‌ವರ್ಕ್ ಇರುತ್ತದೆ. ಅವರಿಗೆ ಅದನ್ನು ಕೊಡಿ. ಇಲ್ಲ ಅನ್ನುವುದು ನಮ್ಮಲ್ಲಿ ಕಷ್ಟ, ಹೀಗೆ ಮಾಡಿದರೆ ಇಲ್ಲ ಅನ್ನಬೇಕಾಗಿಯೂ ಇಲ್ಲ. ಪಕ್ಕದ ಮನೆಗೆ ತಿಂಗಳಿಗಿಷ್ಟು ಎಂದು ಹಣ ಪಡೆದು ಹಂಚಬೇಡಿ. ಮನೆಬಳಕೆಯ ಕರಾರುಗಳು ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ. ಬಾಡಿಗೆಯವರಿಗೆ ಅವರದೇ ಕನೆಕ್ಷನ್ ಇರಲಿ. ಈಗಾಗಲೇ ಕೊಟ್ಟಿದ್ದರೆ ಅವರು ಮನೆ ಖಾಲಿ ಮಾಡಿದ ದಿನವೇ ಪಾಸ್‌ವರ್ಡ್ ಬದಲಿಸಿ.

ವೇಗ

200 ಎಂಬಿಪಿಎಸ್ ಯೋಜನೆಗೆ ದುಡ್ಡು ಕಟ್ಟುತ್ತಿದ್ದೇವೆ, ಆದರೆ ಎಲ್ಲಿ ಅಳೆದರೂ 95 ದಾಟುವುದಿಲ್ಲ ಎನ್ನುವವರು ಕಂಪನಿಯವರನ್ನು ಬೈಯುವ ಮುನ್ನ ರೌಟರ್‌ನ ಡಬ್ಬಿ ಓದಿ. ಅಗ್ಗದ ರೌಟರ್‌ಗಳ ಹಿಂದಿನ ಪೋರ್ಟ್‌ಗಳು ಹೆಚ್ಚಾಗಿ 100 ಎಂಬಿಪಿಎಸ್‌ನವು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 300 ಅಥವಾ 1200 ಬರೀ ವೈಫೈನ ಲೆಕ್ಕ, ಅದೂ ಕಾಗದದ ಮೇಲಿನ ಲೆಕ್ಕ. ಹಿಂದಿನಿಂದ ಒಳಬರುವುದೇ 100 ಆದರೆ ಮುಂದೆ ಹೆಚ್ಚು ಸಿಗುವುದಾದರೂ ಎಲ್ಲಿಂದ? 100ಕ್ಕಿಂತ ದೊಡ್ಡ ಯೋಜನೆ ಇದ್ದರೆ ಗಿಗಾಬಿಟ್ ಪೋರ್ಟ್ ಇರುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ರೌಟರನ್ನೇ ಕೊಳ್ಳಿ. ಅಷ್ಟು ಖರ್ಚು ಬೇಡ ಎನಿಸಿದರೆ ಯೋಜನೆಯನ್ನು ಇಳಿಸಿ, ಸಿಗದ ವೇಗಕ್ಕೆ ಹಣ ಕಟ್ಟಬೇಡಿ.

ಟಿವಿ, ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಿಗೆ ಕೇಬಲ್ ಎಳೆಯಿರಿ. ಅವು ವೈಫೈ ಬಿಟ್ಟುಕೊಟ್ಟಷ್ಟೂ ಮೊಬೈಲ್‌ಗಳಿಗೆ ಜಾಗ ಸಿಗುತ್ತದೆ. ರೌಟರ್ ಹತ್ತಿರ ಕೂತವರು 5 ಗಿಗಾಹರ್ಟ್ಸ್ ಹಿಡಿಯಲಿ, ಎರಡು ಗೋಡೆ ದಾಟಬೇಕಾದವರು 2.4 ಹಿಡಿಯಲಿ. ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಹೆಚ್ಚಿದ್ದರೆ 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲೇ ಒಂದನ್ನು ಆರಿಸಿ. ಮನೆಯಲ್ಲಿ ಸಂದರ್ಶನವೋ ಪರೀಕ್ಷೆಯೋ ನಡೆಯುವಾಗ ಸಾವಿರ ಫೋಟೊಗಳ ಬ್ಯಾಕಪ್ ಶುರುಮಾಡಬೇಡಿ. ಕಳಿಸುವ ದಾರಿ ತುಂಬಿಹೋದರೆ ಬರುವುದೂ ನಿಧಾನವಾಗುತ್ತದೆ.

ಜಾಗ

ರೌಟರನ್ನು ಮನೆಯ ನಡುಭಾಗದಲ್ಲಿ, ತಲೆಮಟ್ಟದ ಶೆಲ್ಫಿನ ಮೇಲೆ ತೆರೆದಿಡಿ. ಕಬ್ಬಿಣದ ಬೀರುವಿನೊಳಗೆ, ಟಿವಿ ಹಿಂದೆ, ಮೈಕ್ರೋವೇವ್ ಓವನ್ ಪಕ್ಕ ಬೇಡ. ಫೈಬರ್ ತಂತಿಯನ್ನು ಮಡಚಬೇಡಿ, ಮೊಳೆ ಹೊಡೆದು ಬಿಗಿಯಬೇಡಿ. ಒಳಗಿರುವುದು ಗಾಜಿನ ಎಳೆ.

ಮಹಡಿಗೆ ಸಿಗ್ನಲ್ ಸಾಲದಿದ್ದರೆ ಅಗ್ಗದ ರಿಪೀಟರ್ ಕೊಳ್ಳಬೇಡಿ. ಕೇಳುವುದಕ್ಕೂ ಹೇಳುವುದಕ್ಕೂ ಅದಕ್ಕೆ ಒಂದೇ ತರಂಗ, ಹಾಗಾಗಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಕೆಳಗಿನಿಂದ ಕೇಬಲ್ ಎಳೆದು ಹಳೆಯ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿ. ಆ ಸೌಲಭ್ಯ ಅದರಲ್ಲಿಲ್ಲದಿದ್ದರೆ ಅದರ ವಿಳಾಸವನ್ನು ಕೆಳಗಿನ ರೌಟರ್‌ಗಿಂತ ಬೇರೆ ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿ. ಈ ಕೇಬಲ್ ತೆರೆದ ಟೆರೇಸಿನ ಮೇಲೆ ಹೋಗಬಾರದು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ತಾಮ್ರದ ತಂತಿ ದಾರಿಯಾಗುತ್ತದೆ, ರೌಟರ್ ಸುಟ್ಟೀತು.

ಕರೆಂಟು ಮತ್ತು ರೀಸೆಟ್

9 ವೋಲ್ಟಿನ ರೌಟರ್‌ಗೆ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಬೇಡಿ, ಪಿನ್ನು ಸರಿಹೊಂದಿದರೂ ಬೇಡ. ಕರೆಂಟು ಪದೇಪದೇ ಹೋಗುವ ಕಡೆ ಚಿಕ್ಕ ಯುಪಿಎಸ್ ಇಡಿ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಯುಪಿಎಸ್ ಬೇಕು, ರೌಟರ್ ಒಂದೇ ಉರಿದರೆ ಪ್ರಯೋಜನವಿಲ್ಲ.

ಇಂಟರ್‌ನೆಟ್ ನಿಂತ ಕೂಡಲೇ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಬೇಡಿ. ಸ್ವಿಚ್ ಆರಿಸಿ ಹಾಕುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಆದರೆ ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್ ಸಮೇತ ಎಲ್ಲವೂ ಅಳಿಸಿಹೋಗುತ್ತದೆ, ಭಾನುವಾರ ಸರಿಮಾಡುವವರು ಸಿಗುವುದಿಲ್ಲ. ಅವೆರಡನ್ನೂ ಈಗಲೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಹಳೆಯ ರೌಟರನ್ನು ಯಾರಿಗಾದರೂ ಕೊಡುವಾಗ ಅಥವಾ ಗುಜರಿಗೆ ಹಾಕುವಾಗ ಮಾತ್ರ ಆ ತೂತಿಗೆ ಪಿನ್ನು ಚುಚ್ಚಿ, ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೆ ಒತ್ತಿಹಿಡಿಯಿರಿ.