ಕಾಯಕದ ನಾಡಿನಲ್ಲಿ ಕೈಕೆಲಸಕ್ಕೆ ಸಂಕೋಚವೇಕೆ?



"ನಮ್ಮ ಭಾಗದ ಜನರಿಗೆ ದುಡಿಮೆ ಬೇಡ, ಹೊಸದು ಅಂದರೆ ಹಿಂಜರಿಕೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ದುಡಿಮೆಯನ್ನು ನೋಡುವ ದೃಷ್ಟಿಯನ್ನು ಆಯಾ ನಾಡಿನ ಸಂಸ್ಕೃತಿ ರೂಪಿಸುತ್ತದೆ ಎಂಬುದು ನಿಜ. ಹಾಗಾದರೆ ನಮ್ಮ ಸಂಸ್ಕೃತಿ ಕಲಿಸಿದ್ದೇನು?

12ನೇ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಮೆಯನ್ನು ಕಾಯಕವೆಂದರು. ಅದರ ಫಲವನ್ನು ಹಂಚಿಕೊಳ್ಳುವುದನ್ನು ದಾಸೋಹವೆಂದರು. ಬಸವಣ್ಣನವರೊಡನೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ತಮ್ಮ ಕಸುಬಿನ ಹೆಸರಿನಿಂದಲೇ ಗೌರವ ಪಡೆದರು. ಆ ಕಾಲಕ್ಕೆ ಅದು ಬಹು ದೊಡ್ಡ ಹೊಸತನ. 2019ರಿಂದ ನಮ್ಮ ಸೀಮೆಯ ಹೆಸರೂ ಕಲ್ಯಾಣ ಕರ್ನಾಟಕ.

ದುಡಿಯುವವರಿಗೆ ಇಲ್ಲಿ ಕೊರತೆಯೂ ಇಲ್ಲ. ಸೇಡಂ ರಸ್ತೆಯಲ್ಲಿ ಮಳಖೇಡದತ್ತ ಹೋದರೆ ಸಿಮೆಂಟ್ ಕಾರ್ಖಾನೆಗಳು, ತೊಗರಿಯ ಹೊಲಗಳು. ಕಮಲಾಪುರದಲ್ಲಿ ಹೆಸರುವಾಸಿ ಕೆಂಪು ಬಾಳೆ. ಮಳೆ ನಂಬಿದ ರೈತನು ಸಾಲ ಮಾಡಿ ಹೊಸ ತಳಿ ಬಿತ್ತಲು ಹೆದರಿದರೆ ಅದು ಸೋಮಾರಿತನವಲ್ಲ. ಬೆಳೆ ಕೈಕೊಟ್ಟರೆ ನಷ್ಟ ಹೊರುವವನು ಅವನೊಬ್ಬನೇ. ಅವನಿಗೆ ಬೇಕಾದದ್ದು ಉಪದೇಶವಲ್ಲ, ಆಸರೆ.

ನಿಜವಾದ ರೋಗ ಬೇರೆಡೆ ಇದೆ. ಕೈಕೆಲಸವನ್ನು ಕೀಳೆಂದು ಕಾಣುವ ಜಾತಿಯ ಕಣ್ಣು ಶರಣರ ನಂತರವೂ ಉಳಿಯಿತು. ನಮ್ಮ ಕ್ರೈಸ್ತ ಮನೆಗಳಲ್ಲೂ ಉಳಿದಿದೆ. ಹುಡುಗ ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ ಎಂದರೆ, "ನೌಕರಿ ಇಲ್ಲವೇ?" ಎಂದು ಕೇಳಿ ಸಂಬಂಧ ಬಿಡುವವರು ನಮ್ಮಲ್ಲಿಲ್ಲವೇ? ಹೀಗಾದರೆ ಯಾವ ಯುವಕ ಹೊಸದೊಂದು ಕಸುಬಿಗೆ ಧೈರ್ಯ ಮಾಡಿಯಾನು?

ನಜರೇತಿನ ಜನರೂ ಯೇಸುವನ್ನು ಬಡಗಿಯೆಂದೇ ತಾತ್ಸಾರ ಮಾಡಿದರು (ಮಾರ್ಕ 6:3). ಸಂತ ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ಜೀವಿಸಿದರು. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿಸಿದರು. ಕೆಲಸದ ಬೆಲೆ ಮೊದಲು ಬರುವುದು ಅದನ್ನು ಮಾಡುವ ಮನುಷ್ಯನಿಂದ ಎಂದು ಜಗದ್ಗುರು ಎರಡನೇ ಜಾನ್ ಪೌಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದರು. ವಿಶ್ವಾಸವು ನಮ್ಮ ಸಂಸ್ಕೃತಿಯನ್ನು ಅಳಿಸುವುದಿಲ್ಲ. ಅದರಲ್ಲಿನ ಕಾಯಕವನ್ನು ಬಲಪಡಿಸುತ್ತದೆ, ಜಾತಿಯ ಕಳೆಯನ್ನು ಕೀಳುತ್ತದೆ.

ಮನೆಯಲ್ಲಿ ಚರ್ಚಿಸಿ:

1. ಅಪ್ಪ ಅಮ್ಮನ ಕೆಲಸವನ್ನು ಶಾಲೆಯಲ್ಲಿ ಹೇಳಲು ನಮ್ಮ ಮಕ್ಕಳಿಗೆ ನಾಚಿಕೆಯೇ? ಅದನ್ನು ಕಲಿಸಿದವರು ಯಾರು?

2. ಮನೆಗೆಲಸದವರನ್ನು ನಾವು ಹೇಗೆ ಕರೆಯುತ್ತೇವೆ? ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೇವೆಯೇ?

3. ಹೊಸ ಕಸುಬು ಆರಂಭಿಸಿದ ನೆರೆಯವನಿಗೆ ನಮ್ಮ ಕುಟುಂಬ ಯಾವ ನೆರವು ನೀಡಬಹುದು?