ಸುರಕ್ಷಿತ ರಕ್ತದಾನ: ದಾನಿಯ ಅರ್ಹತೆ ಮತ್ತು ಹೊಣೆ

ಆಯುರ್ವೇದದ ಸಪ್ತಧಾತುಗಳಲ್ಲಿ ರಕ್ತವು ಎರಡನೆಯದು. ಸುಶ್ರುತ ಸಂಹಿತೆಯು ವಾತ, ಪಿತ್ತ, ಕಫಗಳೊಡನೆ ರಕ್ತವನ್ನೂ ದೇಹಧಾರಣೆಗೆ ಕಾರಣವೆಂದು ಗಣಿಸುತ್ತದೆ. ಹೆರಿಗೆಯಲ್ಲಿ ಅತಿ ರಕ್ತಸ್ರಾವಕ್ಕೊಳಗಾದ ತಾಯಿಗಾಗಲಿ, ಚನ್ನರಾಯಪಟ್ಟಣ–ಹಾಸನ ಹೆದ್ದಾರಿಯ ಅಪಘಾತದಲ್ಲಿ ಗಾಯಗೊಂಡವರಿಗಾಗಲಿ ಬೇಕಾದ ರಕ್ತವು ಇಂದಿಗೂ ಮತ್ತೊಬ್ಬ ಮನುಷ್ಯನಿಂದಲೇ ಬರಬೇಕು. ಆದುದರಿಂದ ದಾನಿಯ ಅರ್ಹತೆಯನ್ನು ಸರ್ಕಾರವು ನಿಯಮಗಳ ಮೂಲಕ ಗೊತ್ತುಪಡಿಸಿದೆ.

ದಾನಿಯ ವಯಸ್ಸು 18ರಿಂದ 65 ವರ್ಷಗಳೊಳಗಿರಬೇಕು. ಮೊದಲ ಬಾರಿ ಕೊಡುವವರು 60 ಮೀರಿರಬಾರದು. ತೂಕ ಕನಿಷ್ಠ 45 ಕಿಲೋ ಇದ್ದರೆ 350 ಮಿ.ಲೀ., 55 ಕಿಲೋ ಮೀರಿದ್ದರೆ 450 ಮಿ.ಲೀ. ರಕ್ತವನ್ನು ಪಡೆಯಬಹುದು. ಪ್ರತಿ 100 ಮಿ.ಲೀ. ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಎರಡು ದಾನಗಳ ನಡುವೆ ಪುರುಷರಿಗೆ 90 ದಿನ, ಸ್ತ್ರೀಯರಿಗೆ 120 ದಿನಗಳ ಅಂತರ ಅಗತ್ಯ. ಸೋಮವಾರದ ಉಪವಾಸವಾಗಲಿ, ಶಿವರಾತ್ರಿಯ ಉಪವಾಸವಾಗಲಿ, ಆ ದಿನ ರಕ್ತ ಕೊಡಬಾರದು.

ಮಲೇರಿಯಾ ಗುಣವಾದ ಮೇಲೆ ಮೂರು ತಿಂಗಳು, ಹಲ್ಲು ಕೀಳಿಸಿದ ಮೇಲೆ ಆರು ತಿಂಗಳು, ಹಚ್ಚೆ ಹಾಕಿಸಿಕೊಂಡ ಮೇಲೆ ಒಂದು ವರ್ಷ ಕಾಯಬೇಕು. ಹೆರಿಗೆಯಾದ ತಾಯಂದಿರೂ ಒಂದು ವರ್ಷ ಕಾಯಬೇಕು; ಮಗುವಿಗೆ ಹಾಲೂಡಿಸುವವರು ಕೊಡುವಂತಿಲ್ಲ. ಇನ್ಸುಲಿನ್ ಪಡೆಯುವ ಮಧುಮೇಹಿಗಳು ದಾನಕ್ಕೆ ಅರ್ಹರಲ್ಲ. ಮಾತ್ರೆಯಾಗಲಿ, ಕಷಾಯವಾಗಲಿ, ಸೇವಿಸುತ್ತಿರುವ ಔಷಧವನ್ನೆಲ್ಲ ವೈದ್ಯರಿಗೆ ತಿಳಿಸಬೇಕು.

ಸಂಗ್ರಹಿಸಿದ ರಕ್ತವನ್ನು ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಹಾಗೂ ಮಲೇರಿಯಾಗಳಿಗಾಗಿ ಕಡ್ಡಾಯವಾಗಿ ಪರೀಕ್ಷಿಸುತ್ತಾರೆ. ಹಾಗಿದ್ದ ಮೇಲೆ ಇಷ್ಟೊಂದು ಪ್ರಶ್ನೆಗಳೇಕೆ ಎಂದು ಕೆಲವರು ಕೇಳುವುದುಂಟು. ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಗೋಚರಿಸದಿರಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ದಾನಿಯ ಸತ್ಯವಾದ ಉತ್ತರವೊಂದೇ.

ಒತ್ತಡವಿದ್ದಲ್ಲಿ ಸತ್ಯ ಹೇಳುವುದು ಕಷ್ಟ. ಹಿಂದೆ ಹಣಕ್ಕಾಗಿ ರಕ್ತ ಮಾರುವವರಿದ್ದರು. ಬಡತನವು ಅವರ ರೋಗವನ್ನು ಮರೆಮಾಚಿಸುತ್ತಿತ್ತು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ಪದ್ಧತಿ ನಿಷಿದ್ಧವಾಯಿತು. ಆದರೆ ಒತ್ತಡವು ಹಣದ್ದೇ ಆಗಬೇಕೆಂದಿಲ್ಲ. ರೋಗಿಯ ಬಂಧುವು ದಾಕ್ಷಿಣ್ಯಕ್ಕೆ ಸಿಲುಕಿ ತನ್ನ ಕಾಯಿಲೆಯನ್ನು ಬಚ್ಚಿಡಬಹುದು. ಸಾಲಗಾಮೆಯಂತಹ ಊರಿನ ಶಿಬಿರದಲ್ಲಿ ಎಲ್ಲರೂ ಪರಿಚಿತರು. ಗೆಳೆಯರ ಎದುರಿಗೆ ಹಿಂದೆ ಸರಿಯಲು ಯುವಕನೊಬ್ಬನು ನಾಚಬಹುದು.

ಆದಕಾರಣ ಶಿಬಿರ ನಡೆಸುವವರು ಪ್ರಶ್ನೋತ್ತರಕ್ಕೆ ಮರೆಯಾದ ಸ್ಥಳವನ್ನು ಒದಗಿಸಬೇಕು. ಕೊಡದೆ ಹಿಂದಿರುಗಿದವರನ್ನು ಯಾರೂ ಕಾರಣ ಕೇಳಬಾರದು. ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಹಾಗೆಯೇ ಹಿಂದೆ ಕಳುಹಿಸುತ್ತಾರೆಂಬುದನ್ನು ನೆನಪಿಡಬೇಕು. ಕೊಟ್ಟ ಮೇಲೆ ಸಂಶಯ ಮೂಡಿದರೆ ಅಂದೇ ರಕ್ತಕೇಂದ್ರಕ್ಕೆ ತಿಳಿಸಿದಲ್ಲಿ ಆ ರಕ್ತವನ್ನು ಬಳಸದೆ ತಡೆಯಬಹುದು. ಎಚ್.ಐ.ವಿ. ಶಂಕೆಯಿದ್ದವರು ಪರೀಕ್ಷೆಗೆಂದು ರಕ್ತದಾನ ಮಾಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಗೋಪ್ಯವಾದ ಉಚಿತ ಪರೀಕ್ಷೆಯಿದೆ, 1097 ಸಹಾಯವಾಣಿಯೂ ಇದೆ.

ಕೆಂಪು ರಕ್ತಕಣಗಳನ್ನು ಸಾಮಾನ್ಯವಾಗಿ 35ರಿಂದ 42 ದಿನ ಮಾತ್ರ ಕಾಪಿಡಬಹುದು. ವರ್ಷಕ್ಕೊಂದು ಶಿಬಿರದಿಂದ ವರ್ಷವಿಡೀ ಸಾಲದು. ಅರ್ಹರಾದ ಭಕ್ತರು ಸರದಿಯಂತೆ, ಸ್ವಇಚ್ಛೆಯಿಂದ ಕೊಡುತ್ತಿದ್ದರೆ, ಅವಸರದಲ್ಲಿ ಯಾರನ್ನೂ ಒತ್ತಾಯಿಸುವ ಪ್ರಸಂಗವೇ ಬಾರದು.