ತುಕ್ಕು ಹಿಡಿದ ಸೈಲೆನ್ಸರ್

ನಮ್ಮೂರ ಬಾಡಿಗೆ ಕಾರು ಹಳೇದು. ಈಚೆಗೆ ಡರ್ ಡರ್ ಎಂದು ಸದ್ದು ಜೋರಾಯಿತು. ಒಳಗೆ ಕೂತವರಿಗೆ ತಲೆನೋವು. ನಾವು ಬಗ್ಗಿ ನೋಡಿದೆವು. ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿತ್ತು. ತೂತಿನ ಸುತ್ತ ಕರಿ ಮಸಿ.

ತುಕ್ಕು ಏಕೆ? ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ಅದು ತಣ್ಣಗಾಗಿ ಕೊಳವೆಯೊಳಗೆ ನೀರಾಗಿ ನಿಲ್ಲುತ್ತದೆ. ಒಳಗಿನಿಂದಲೇ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ತುಂಬಿದರೆ ಪ್ರಾಣವೇ ಹೋಗಬಹುದು.

ಮಾಡುವುದೇನು? ಇಂಜಿನ್ ತಣ್ಣಗಾದ ಮೇಲೆ ಕೊಳವೆಯನ್ನು ಮೆಲ್ಲಗೆ ತಟ್ಟಿ ನೋಡೋಣ. ತುಕ್ಕು ಪುಡಿಪುಡಿಯಾಗಿ ಉದುರಿದರೆ ಬೆಸುಗೆ ನಿಲ್ಲದು. ಮೆಕ್ಯಾನಿಕ್ ಹತ್ತಿರ ಹೊಸದು ಹಾಕಿಸೋಣ. ಬೋಲ್ಟು, ಗ್ಯಾಸ್ಕೆಟ್ಟೂ ಹೊಸದಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸೋದು ಬೇಡ. ತಲೆ ಸುತ್ತಿದರೆ ತಕ್ಷಣ ಬಯಲಿಗೆ ಬರೋಣ, ಆಸ್ಪತ್ರೆಗೆ ಹೋಗೋಣ.